ಆಡಿಟ್ ಮುಗಿದ ಮೇಲೂ ಕೇಳಬಹುದು

‘ಆಡಿಟ್ ಆಗಿದೆ, ಇನ್ನು ಕೇಳಲು ಏನಿದೆ?’ ಗ್ರಾಮ ಪಂಚಾಯಿತಿಯಲ್ಲಿ ಈ ಮಾತು ಕೇಳಿ ಸುಮ್ಮನೆ ಮನೆಗೆ ಮರಳುವವರಿದ್ದಾರೆ. ಆಡಿಟ್ ಆದರೆ ಕೆಲಸವೂ ಸರಿಯಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಲೆಕ್ಕ ಪರಿಶೋಧಕರು ಮುಖ್ಯವಾಗಿ ನೋಡುವುದು ಕಡತವನ್ನು: ಬಿಲ್ಲು, ವೋಚರು, ಅಳತೆ ಪುಸ್ತಕ, ಸಹಿ. ಚರಂಡಿಯ ಕಾಂಕ್ರೀಟು ಮೊದಲ ಮಳೆಗೇ ಕಿತ್ತುಬಂದದ್ದು ಗೊತ್ತಿರುವುದು ಅದರ ಪಕ್ಕದ ಮನೆಯವರಿಗೆ. ಅವರ ಮಾತೂ ಲೆಕ್ಕಕ್ಕೆ ಬರಲೆಂದೇ ಕರ್ನಾಟಕದಲ್ಲಿ ಜಮಾಬಂದಿ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹಿಂದಿನ ಸಾಲಿನ ಜಮೆ–ಖರ್ಚನ್ನು ಊರವರ ಮುಂದೆ ಇಡಬೇಕು, ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬೇಕು. ಊರವರೇ ಬಾರದಿದ್ದರೆ ಇದೂ ಬರೀ ಸಹಿಯಲ್ಲಿ ಮುಗಿದುಹೋಗುತ್ತದೆ.

ಮಾಹಿತಿ ಹಕ್ಕು ಎಂದರೆ ಜೆರಾಕ್ಸ್ ಪ್ರತಿ ಪಡೆಯುವುದು ಮಾತ್ರ ಎಂದುಕೊಂಡವರೂ ಬಹಳ. 2005ರ ಆ ಕಾಯ್ದೆಯ 2(ಜೆ) ಕಲಮನ್ನು ಓದಿದರೆ ಆಶ್ಚರ್ಯವಾಗುತ್ತದೆ. ಕಡತವನ್ನಷ್ಟೇ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಕೇಳಿ ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವು. ಮೊದಲು ಕ್ರಿಯಾ ಯೋಜನೆಯ ಪ್ರತಿ, ಅಂದಾಜು ಪಟ್ಟಿ, ಅಳತೆ ಪುಸ್ತಕ ಇವು ಮೂರನ್ನು ಕೇಳಿ, ಆಮೇಲೆ ಟೇಪು ಹಿಡಿದು ರಸ್ತೆಗೆ ಹೋಗಿ ಎಂಬುದು ನನ್ನ ಸಲಹೆ. ಪುಸ್ತಕದಲ್ಲಿರುವ ಉದ್ದ ನೆಲದ ಮೇಲೂ ಇದೆಯೇ ಎಂದು ನೋಡಲು ಎಂಜಿನಿಯರೇ ಆಗಬೇಕಿಲ್ಲ.

ಹಣಕಾಸು ಆಯೋಗದ ಅನುದಾನವನ್ನು ಅಧ್ಯಕ್ಷರು ತಮಗೆ ಬೇಕಾದ್ದಕ್ಕೆ ಹಾಕಬಹುದು ಎಂಬುದೂ ಸುಳ್ಳು. 15ನೇ ಆಯೋಗವು 2021-22ರಿಂದ 2025-26ರ ಅವಧಿಗೆ ಕೊಟ್ಟದ್ದರಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಉಳಿದ ಶೇ 40 ಊರಿನ ಅಗತ್ಯಕ್ಕೆ ಬಿಟ್ಟದ್ದು. ಅದರಿಂದಲೂ ಸಂಬಳ ಕೊಡುವಂತಿರಲಿಲ್ಲ.

ಇನ್ನು ‘ಎಂಪಿ ಫಂಡು’. ಸಂಸದರ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಅದು ಸಂಸದರ ಕೈಗೆ ಬರುತ್ತದೆಂದು ಜನ ತಿಳಿದಿದ್ದಾರೆ. ಸಂಸದರು ಮಾಡುವುದು ಶಿಫಾರಸು ಮಾತ್ರ. ಮಂಜೂರಾತಿ, ಅನುಷ್ಠಾನದ ಮೇಲುಸ್ತುವಾರಿ, ಲೆಕ್ಕ ಎಲ್ಲವೂ ಜಿಲ್ಲಾಡಳಿತದ ಹೊಣೆ. ಸಮುದಾಯ ಭವನ ಅರ್ಧಕ್ಕೆ ನಿಂತಿದ್ದರೆ ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿ ಕಚೇರಿಗೆ.