ಭೂಮಿಯೊಳಗಿನ ಓದು, ಗಲ್ಲಾಪೆಟ್ಟಿಗೆಯ ಲೆಕ್ಕ

ಬೋರ್‌ವೆಲ್‌ಗೆ ಪಾಯಿಂಟ್ ಹಾಕಿಸುವಾಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರನ್ನು ಎಲ್ಲರೂ ಬಲ್ಲರು. ನಾಲ್ಕು ಕಬ್ಬಿಣದ ಗೂಟ ನೆಟ್ಟು, ನೆಲಕ್ಕೆ ಕರೆಂಟು ಹಾಯಿಸಿ, ಮೀಟರ್ ನೋಡಿ ಬಂಡೆಯ ಬಿರುಕಿನಲ್ಲಿ ನೀರುಂಟೋ ಇಲ್ಲವೋ ಅಂದಾಜು ಮಾಡುವವರೂ ಉಂಟು. ಈ ಎರಡನೆಯವರ ವಿದ್ಯೆಗೇ ಜಿಯೋಫಿಸಿಕ್ಸ್ ಎಂದು ಹೆಸರು. ಪಿಯುಸಿ ಮುಗಿಸಿದ ಮಗ ಈ ಹೆಸರು ಎತ್ತಿದರೆ, ಗಲ್ಲಾದಲ್ಲಿ ಕೂತ ಅಪ್ಪ ಕೇಳುವುದು ಒಂದೇ: "ಓದ್ಸೋಕೆ ಎಷ್ಟಾಗತ್ತೆ? ಓದಿದ್ಮೇಲೆ ಎಷ್ಟು ಬರತ್ತೆ?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಐಐಟಿಯ 5 ವರ್ಷದ ಕೋರ್ಸನ್ನೇ ತೆಗೆದುಕೊಳ್ಳಿ. ಐಐಟಿಗಳ ಪದವಿ ಫೀಸು 2016ರಲ್ಲಿ ವರ್ಷಕ್ಕೆ 90 ಸಾವಿರದಿಂದ 2 ಲಕ್ಷಕ್ಕೆ ಏರಿತು. ಹಾಸ್ಟೆಲ್, ಊಟ ಬಿಟ್ಟೇ 5 ವರ್ಷಕ್ಕೆ 10 ಲಕ್ಷ. ಅಷ್ಟನ್ನೂ ಶೇಕಡಾ 10ರ ಬಡ್ಡಿಗೆ ಸಾಲ ತಂದರೆ, ಓದು ಮುಗಿದು ಇನ್ನೊಂದು ವರ್ಷ ಕಳೆಯುವ ಹೊತ್ತಿಗೆ ಬಡ್ಡಿಯೇ 4 ಲಕ್ಷ. ಆ 14 ಲಕ್ಷ 10 ವರ್ಷದಲ್ಲಿ ತೀರಬೇಕಾದರೆ ತಿಂಗಳ ಕಂತು 18,500 ರೂಪಾಯಿ! (ಮನೆಯ ವರ್ಷದ ಆದಾಯ 1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ ಎಂದು ಆಗಲೇ ತೀರ್ಮಾನವಾಗಿದೆ. ಅಂಗಡಿಯವರು ಇದನ್ನು ಗಮನಿಸಬೇಕು.)

ಇನ್ನು ಬರುವ ದುಡ್ಡು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಜಿಯೋಫಿಸಿಸಿಸ್ಟ್ ಹುದ್ದೆಗೆ ಏಳನೇ ವೇತನ ಆಯೋಗ ಇಟ್ಟ ಆರಂಭದ ಮೂಲವೇತನ 56,100. ಒಎನ್‌ಜಿಸಿಯ ಆಫೀಸರ್ ದರ್ಜೆ 60,000ದಿಂದ ಶುರು. ಭತ್ಯೆ ಬೇರೆ. ಸಿಕ್ಕರೆ ಕಂತು ಕಟ್ಟುವುದು ಕಷ್ಟವೇನಲ್ಲ. ಆದರೆ ಸಿಕ್ಕರೆ!

ಈ ಕಸುಬಿನ ದೊಡ್ಡ ಸಂಬಳವೆಲ್ಲ ಎಣ್ಣೆ ಕಂಪೆನಿಗಳದ್ದು. ಎಣ್ಣೆಯೋ, ಈರುಳ್ಳಿ ರೇಟಿಗಿಂತ ಚಂಚಲ. 2014ರ ಜೂನ್‌ನಲ್ಲಿ ಪೀಪಾಯಿಗೆ 110 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಿತ್ತು. ರೇಟು ಬಿದ್ದಾಗ ಕಂಪೆನಿಗಳು ಮೊದಲು ನಿಲ್ಲಿಸುವುದೇ ಹೊಸ ಎಣ್ಣೆ ಹುಡುಕುವ ಕೆಲಸ, ಅಂದರೆ ಈ ಹುಡುಗರ ಕೆಲಸ. ಸೀಟು ಹಿಡಿಯುವಾಗಿನ ರೇಟು 5 ವರ್ಷದ ಮೇಲೆ ಇರುತ್ತೆ ಅಂತ ಯಾರು ಹೇಳ್ತಾರೆ?

ಬಹಳ ಮಂದಿಗೆ ಗೊತ್ತಿಲ್ಲದ ದಾರಿ ಇನ್ನೊಂದಿದೆ. ಸರ್ವೇಕ್ಷಣಾ ಇಲಾಖೆಯ ಆ ಹುದ್ದೆಗೆ ಯುಪಿಎಸ್‌ಸಿ ಪರೀಕ್ಷೆ ಬರೆಯಲು ಜಿಯೋಫಿಸಿಕ್ಸ್ ಪದವಿಯೇ ಬೇಕೆಂದಿಲ್ಲ, ಫಿಸಿಕ್ಸ್ ಎಂ.ಎಸ್ಸಿ. ಆದರೂ ನಡೆಯುತ್ತದೆ. ಮನೆಯ ಊಟ ಉಂಡು, ಬಸ್ ಪಾಸ್‌ನಲ್ಲಿ ಓಡಾಡಿ ಊರಿನ ಸರ್ಕಾರಿ ಕಾಲೇಜಿನಲ್ಲೇ ಬಿ.ಎಸ್ಸಿ. ಮಾಡಬಹುದು. ಆಮೇಲೆ ಜಾಮ್ ಪರೀಕ್ಷೆ ಬರೆದು ಬಾಂಬೆ ಐಐಟಿಯ ಎರಡು ವರ್ಷದ ಎಂ.ಎಸ್ಸಿ.ಗೆ ಪ್ರಯತ್ನಿಸಬಹುದು. ಆಗಲಿಲ್ಲವೆಂದರೆ ಫಿಸಿಕ್ಸ್ ಕೈಯಲ್ಲಿದ್ದೇ ಇದೆ, ಮೇಷ್ಟ್ರ ಕೆಲಸಕ್ಕಾದರೂ ಬಂತು. ಪರೀಕ್ಷೆಯಲ್ಲಿ ಮಾತ್ರ ಭೂಮಿಯ ಪ್ರಶ್ನೆಗಳೂ ಬರುವುದರಿಂದ ಅದನ್ನು ಸ್ವಂತ ಓದಿಕೊಳ್ಳಬೇಕು.

ಅಷ್ಟಾಗಿಯೂ ದುಬಾರಿ ಸೀಟೇ ಬೇಕೆನ್ನುವವರು ಫೀಸು ಕಟ್ಟುವ ಮುಂಚೆ ಕಾಲೇಜಿನವರನ್ನು ಒಂದು ಮಾತು ಕೇಳಲಿ: ಹೋದ ಮೂರು ವರ್ಷ ಇದೇ ವಿಭಾಗದಲ್ಲಿ ಪಾಸಾದವರು ಎಷ್ಟು ಜನ, ಇದೇ ಕಸುಬಿನಲ್ಲಿ ಕೆಲಸಕ್ಕೆ ಸೇರಿದವರು ಎಷ್ಟು ಜನ? ಇಡೀ ಕಾಲೇಜಿನ ಸರಾಸರಿ ಸಂಬಳ ಹೇಳಿದರೆ ಒಪ್ಪಬೇಡಿ. ಅದರಲ್ಲಿ ಕಂಪ್ಯೂಟರ್ ಹುಡುಗರ ಸಂಬಳವೂ ಸೇರಿರುತ್ತದೆ.