ಕಾಸ್‌ಪ್ಲೇ ಎಂದರೇನು? ಒಂದು ದಿನದ ವೇಷಕ್ಕಾಗಿ ದೆಹಲಿಯ ಯುವಜನ ತಿಂಗಳುಗಟ್ಟಲೆ ದುಡಿಯುವುದೇಕೆ?

ನವದೆಹಲಿ: ಡಿಸೆಂಬರ್‌ನ ಒಂದು ವಾರಾಂತ್ಯ ದೆಹಲಿ ಮೆಟ್ರೊದ ಮೆಜೆಂಟಾ ಮಾರ್ಗದಲ್ಲಿ ಹೋದರೆ, ಓಖ್ಲಾ ಎನ್‌ಎಸ್‌ಐಸಿ ನಿಲ್ದಾಣದಲ್ಲಿ ಸ್ಪೈಡರ್‌ಮ್ಯಾನ್, ನರುಟೊ, ಬ್ಯಾಟ್‌ಮ್ಯಾನ್ ಸಾಲಾಗಿ ಇಳಿಯುವುದನ್ನು ಕಾಣಬಹುದು. ಇವರೆಲ್ಲ ಹತ್ತಿರದ ಎನ್‌ಎಸ್‌ಐಸಿ ಮೈದಾನದಲ್ಲಿ ನಡೆಯುವ ದೆಹಲಿ ಕಾಮಿಕ್ ಕಾನ್‌ಗೆ ಹೊರಟವರು. 2024ರಲ್ಲಿ ಈ ಮೇಳ ಡಿಸೆಂಬರ್ 6ರಿಂದ 8ರವರೆಗೆ ನಡೆದಿತ್ತು. ವೇಷ ತೊಟ್ಟವರಲ್ಲಿ ಅನೇಕರು ವಿದ್ಯಾರ್ಥಿಗಳು, ನೋಯ್ಡಾ–ಗುರುಗ್ರಾಮದ ಕಚೇರಿಗಳಲ್ಲಿ ದುಡಿಯುವವರು. ಈ ಹವ್ಯಾಸದ ಹೆಸರು ಕಾಸ್‌ಪ್ಲೇ.

ಹೆಸರು ಬಂದದ್ದು ಎಲ್ಲಿಂದ?

ಕಾಸ್ಟ್ಯೂಮ್ ಮತ್ತು ಪ್ಲೇ ಎಂಬ ಎರಡು ಪದಗಳನ್ನು ಸೇರಿಸಿ, 1980ರ ದಶಕದಲ್ಲಿ ಜಪಾನಿನ ನೊಬುಯುಕಿ ತಕಹಾಶಿ ಈ ಪದವನ್ನು ಬಳಕೆಗೆ ತಂದರು. ಆದರೆ ಹವ್ಯಾಸ ಅದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಜನರಂತೆ ಉಡುಪು ತೊಟ್ಟು ಬಂದಿದ್ದರು. ಎರಡೂ ಉಡುಪುಗಳನ್ನು ಹೊಲಿದವರು ಡಗ್ಲಸ್. 2003ರಿಂದ ಜಪಾನಿನ ನಗೋಯಾದಲ್ಲಿ ವಿಶ್ವ ಕಾಸ್‌ಪ್ಲೇ ಸಮಾವೇಶ ನಡೆಯುತ್ತಿದೆ.

ಭಾರತದ ಮೊದಲ ಕಾಮಿಕ್ ಕಾನ್ ನಡೆದದ್ದು ದೆಹಲಿಯಲ್ಲೇ. ಜತಿನ್ ವರ್ಮಾ ಅವರು 2011ರ ಫೆಬ್ರುವರಿಯಲ್ಲಿ ದಿಲ್ಲಿ ಹಾಟ್‌ನಲ್ಲಿ ಇದನ್ನು ಆರಂಭಿಸಿದರು. ಬಳಿಕ ಬೆಂಗಳೂರು, ಮುಂಬೈ, ಹೈದರಾಬಾದ್‌ಗಳಿಗೂ ಹಬ್ಬಿತು. 2024ರಲ್ಲಿ ನಾಡ್ವಿನ್ ಗೇಮಿಂಗ್ ಸಂಸ್ಥೆ ಕಾಮಿಕ್ ಕಾನ್ ಇಂಡಿಯಾವನ್ನು ತನ್ನದಾಗಿಸಿಕೊಂಡಿತು.

ಛದ್ಮವೇಷಕ್ಕಿಂತ ಇದು ಹೇಗೆ ಭಿನ್ನ?

ಶಾಲೆಯ ಛದ್ಮವೇಷ ಸ್ಪರ್ಧೆಗೆ ನಾವು ಅಂಗಡಿಯಿಂದ ವೇಷವನ್ನು ಬಾಡಿಗೆಗೆ ತರುತ್ತೇವೆ. ಕಾಸ್‌ಪ್ಲೇಯಲ್ಲೂ ಸಿದ್ಧ ಉಡುಪು ಕೊಂಡು ತೊಡುವವರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೈಕೆಲಸಕ್ಕೆ ಮನ್ನಣೆ ಕೊಡುವ ಸ್ಪರ್ಧೆಗಳಲ್ಲಿ ‘ಇದರಲ್ಲಿ ನೀವೇ ಮಾಡಿದ್ದೆಷ್ಟು?’ ಎಂಬ ಪ್ರಶ್ನೆ ಎದುರಾಗುತ್ತದೆ. ಹೊಲಿಗೆ, ಬಣ್ಣ, ಪಾತ್ರದ ನಿಲುವು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದಕ್ಕಾಗಿಯೇ ಅನೇಕರು ತಯಾರಿಯ ಪ್ರತಿ ಹಂತದ ಫೋಟೊ ಇಟ್ಟುಕೊಳ್ಳುತ್ತಾರೆ.

ಉಕ್ಕಿನಂತೆ ಕಾಣುವ ಕವಚ ತಯಾರಾಗುವುದು ಹೇಗೆ?

ಹೆಚ್ಚಿನ ಕವಚಗಳ ಮೂಲ ಇವಿಎ ಫೋಮ್. ಮಕ್ಕಳ ಕೋಣೆಯ ನೆಲಕ್ಕೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಮೆತ್ತನೆಯ ಹಾಸುಗಳು ಇದರಿಂದಲೇ ಆದವು. ಮೊದಲು ಬಟ್ಟೆ ತೊಟ್ಟ ಮೈಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಂಟುಪಟ್ಟಿ ಹಚ್ಚಿ, ಗೆರೆ ಎಳೆದು ಕತ್ತರಿಸುತ್ತಾರೆ. ಇದು ಅಳತೆಯ ಮಾದರಿ. ಅದರಂತೆ ಫೋಮ್ ಕತ್ತರಿಸಿ ಹೀಟ್ ಗನ್‌ನಿಂದ ಬಿಸಿ ಮಾಡಿದರೆ ಹಾಳೆ ಬಾಗುತ್ತದೆ. ತಣಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಎರಡೂ ಅಂಚಿಗೆ ಅಂಟು ಹಚ್ಚಿ, ಸ್ವಲ್ಪ ಒಣಗಲು ಬಿಟ್ಟು ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ಕೊನೆಗೆ ಪ್ರೈಮರ್, ಲೋಹದ ಬಣ್ಣ, ಅಂಚುಗಳಲ್ಲಿ ಸವೆದಂತೆ ಕಾಣುವ ಕಪ್ಪು ಛಾಯೆ.

ಈ ತರ್ಕ ಕನ್ನಡಿಗರಿಗೆ ಹೊಸದಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿಗಳು ಹಗುರ ಮರದ ಮೇಲೆ ಬೇಗಡೆ ಅಂಟಿಸಿ ಮಾಡಿದವು. ದೂರದಿಂದ ಚಿನ್ನದಂತೆ ಕಾಣಬೇಕು, ತೊಟ್ಟವನು ಕುಣಿಯಲೂಬೇಕು. ಫೋಮ್ ಕವಚದ ಲೆಕ್ಕವೂ ಇದೇ.

ಸಾಮಗ್ರಿ ಎಲ್ಲಿ ಸಿಗುತ್ತದೆ?

ಈ ವಿಷಯದಲ್ಲಿ ದೆಹಲಿಯವರು ಅದೃಷ್ಟವಂತರು. ಚಾಂದನಿ ಚೌಕ್‌ನ ಕಿನಾರಿ ಬಜಾರ್‌ನಲ್ಲಿ ಜರಿ, ಲೇಸು, ಮಣಿ ಮಾತ್ರವಲ್ಲ, ರಾಮಲೀಲಾ ಪಾತ್ರಗಳ ಕಿರೀಟಗಳೂ ಸಿಗುತ್ತವೆ. ನೆಹರೂ ಪ್ಲೇಸ್‌ನಲ್ಲಿ ಬಟ್ಟೆ ಅಂಗಡಿಗಳೂ ಎಲೆಕ್ಟ್ರಾನಿಕ್ಸ್ ಅಂಗಡಿಗಳೂ ಅಕ್ಕಪಕ್ಕದಲ್ಲಿವೆ. ಸದರ್ ಬಜಾರ್‌ನಲ್ಲಿ ಸಗಟು ದರದ ಸಾಮಾನು ಸಿಗುತ್ತದೆ. ರಾಮಲೀಲಾ ಕಲಾವಿದರಿಗೆ ಮುಕುಟ ಒದಗಿಸುವ ಬೀದಿಯೇ ಜಪಾನಿ ಅನಿಮೆಯ ರಾಜಕುಮಾರಿಯನ್ನೂ ಸಿಂಗರಿಸಬಲ್ಲದು.

ಅಪಾಯಗಳೇನು?

ಹೊಸಬರು ಹೆಚ್ಚಾಗಿ ಕಡೆಗಣಿಸುವುದು ಅಂಟಿನ ಹೊಗೆಯನ್ನು. ಅನೇಕ ಕಾಂಟ್ಯಾಕ್ಟ್ ಅಂಟುಗಳಲ್ಲಿ ಟೊಲುಯಿನ್‌ನಂಥ ದ್ರಾವಕಗಳಿರುತ್ತವೆ. ಮೇಳ ಡಿಸೆಂಬರ್‌ನಲ್ಲಿದ್ದರೆ ಕೆಲಸ ಬಿರುಸಾಗುವುದು ನವೆಂಬರ್‌ನಲ್ಲಿ. ಹೊರಗಿನ ಗಾಳಿ ಕೆಟ್ಟಿದೆಯೆಂದು ದೆಹಲಿಯ ಮನೆಗಳು ಕಿಟಕಿ ಮುಚ್ಚಿಕೊಳ್ಳುವುದೂ ಆಗಲೇ. ಮನೆಯಲ್ಲಿರುವ ಎನ್–95 ಮಾಸ್ಕ್ ದೂಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನಲ್ಲ. ಅದಕ್ಕೆ ಆವಿ ಹೀರುವ ಕಾರ್ಟ್ರಿಜ್ ಇರುವ ಮುಖಗವಸೇ ಬೇಕು. ಅಂಟಿಸುವ ಕೆಲಸವನ್ನು ಬಾಲ್ಕನಿ ಅಥವಾ ತಾರಸಿಯಲ್ಲಿ ಮಾಡುವುದು ಒಳ್ಳೆಯದು.

ಬಣ್ಣದ ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ನೇತ್ರತಜ್ಞರನ್ನು ಕೇಳದೆ ಹಾಕಿಕೊಳ್ಳಬಾರದು. ಗೆಳೆಯರೊಂದಿಗೆ ಹಂಚಿಕೊಳ್ಳುವುದಂತೂ ಕೂಡದು, ಕಣ್ಣಿಗೆ ಸೋಂಕು ತಗಲಬಹುದು. ಚಳಿಗಾಲದಲ್ಲೂ ಫೋಮ್ ಕವಚದೊಳಗೆ ಮೈ ಬೆವರುತ್ತದೆ. ನೀರು ಕುಡಿಸಲು, ದಾರಿ ತೋರಿಸಲು ಜತೆಗೊಬ್ಬರು ಇರಬೇಕು.

ಇನ್ನೊಂದು ಅಪಾಯ ನೋಡುವವರಿಂದ ಬರುತ್ತದೆ. ಕೇಳದೆ ಫೋಟೊ ತೆಗೆಯುವುದು, ಹೆಗಲ ಮೇಲೆ ಕೈ ಹಾಕುವುದು, ಉಡುಪಿನ ಬಗ್ಗೆ ಅಸಭ್ಯ ಮಾತು ಆಡುವುದು ಮುಖ್ಯವಾಗಿ ಯುವತಿಯರನ್ನು ಕಾಡುವ ಸಮಸ್ಯೆ. ‘ಕಾಸ್‌ಪ್ಲೇ ಎಂದರೆ ಸಮ್ಮತಿಯಲ್ಲ’ ಎಂಬ ಫಲಕಗಳನ್ನು 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಹಾಕಿತ್ತು. ವೇಷ ಪಾತ್ರದ್ದಾದರೂ ಮೈ ತೊಟ್ಟವರದ್ದೇ. ಮೊದಲು ಕೇಳಿ, ಒಪ್ಪಿದರೆ ಮಾತ್ರ ಫೋಟೊ ತೆಗೆಯಿರಿ.

ಶುರು ಮಾಡುವುದು ಹೇಗೆ?

ಮನೆಯ ಕಪಾಟಿನಲ್ಲಿರುವ ಬಟ್ಟೆಯಿಂದಲೇ ಕಟ್ಟಬಹುದಾದ ಪಾತ್ರ ಆರಿಸಿಕೊಳ್ಳಿ. ಒಂದು ಶಿರಸ್ತ್ರಾಣವನ್ನೋ ಒಂದು ಕೈಗವಚವನ್ನೋ ಮಾತ್ರ ಸ್ವತಃ ಮಾಡಿ. ಹಿಂದಿನ ದಿನ ಪೂರ್ತಿ ವೇಷ ತೊಟ್ಟು ಮೆಟ್ಟಿಲು ಹತ್ತಿ, ಕುಳಿತು, ಶೌಚಾಲಯಕ್ಕೆ ಹೋಗಲು ಸಾಧ್ಯವೇ ಎಂದು ನೋಡಿ. ಆಯುಧದ ಪ್ರತಿಕೃತಿ ಇದ್ದರೆ ಮೇಳದ ನಿಯಮಗಳನ್ನು ಮೊದಲೇ ಓದಿ. ಹರಿತವಾದ ಲೋಹದ ಕತ್ತಿ ದ್ವಾರದಲ್ಲೇ ಉಳಿಯುತ್ತದೆ, ಫೋಮ್ ಕತ್ತಿ ಒಳಗೆ ಹೋಗುತ್ತದೆ.