ಅಚ್ಚಿನ ಮೊಳೆ ಕಲಿಸುವ ಪಾಠ

ಜರ್ಮನಿಯ ಮೈನ್ಸ್ ನಗರದಲ್ಲಿ 1900ರಲ್ಲಿ ಸ್ಥಾಪಿತವಾದ ಗುಟೆನ್‌ಬರ್ಗ್ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ಅಚ್ಚುಕೂಟವುಂಟು. ಅಲ್ಲಿ ಮಕ್ಕಳು ತಾವೇ ಮೊಳೆ ಜೋಡಿಸಿ, ಮಸಿ ಬಳಿದು, ಕಾಗದವನ್ನೊತ್ತಿ ಮುದ್ರಿಸುತ್ತಾರೆ. ಸುಮಾರು 1450ರಲ್ಲಿ ಯೋಹಾನ್ ಗುಟೆನ್‌ಬರ್ಗನು ಬಿಡಿ ಮೊಳೆಗಳ ಮುದ್ರಣವನ್ನು ಯೂರೋಪಿನಲ್ಲಿ ರೂಢಿಗೆ ತಂದುದು ಇದೇ ಊರಿನಲ್ಲಿ. ಮಕ್ಕಳ ಈ ಆಟದಲ್ಲಿ ಅಡಗಿರುವ ವಿಜ್ಞಾನವೇನೆಂಬುದನ್ನು ನೋಡೋಣ.

ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ; ಒತ್ತಿದಾಗಲೇ ಅದು ನೇರವಾಗುವುದು. ಇದನ್ನು ಮರೆತು ಆಲೂಗೆಡ್ಡೆಯ ಮೇಲೆ ತನ್ನ ಹೆಸರನ್ನು ನೇರವಾಗಿ ಕೊರೆದ ಬಾಲಕನು ಬಿಂಬದ ಪಾಠವನ್ನು ಎಂದಿಗೂ ಮರೆಯನು.

ಮೊಳೆಯನ್ನು ಸೀಸ, ತವರ, ಆಂಟಿಮನಿಗಳ ಮಿಶ್ರಲೋಹದಿಂದ ಎರಕಹೊಯ್ಯುತ್ತಾರೆ. ಸೀಸವೊಂದೇ ಇದ್ದರೆ ಮೊಳೆ ಬೇಗ ಸವೆಯುತ್ತದೆ. ಆಂಟಿಮನಿಯು ಅದನ್ನು ಗಟ್ಟಿಗೊಳಿಸುವುದಲ್ಲದೆ, ಆರುವಾಗ ಆಗುವ ಕುಗ್ಗುವಿಕೆಯನ್ನೂ ತಗ್ಗಿಸುತ್ತದೆ. ಆದುದರಿಂದ ಅಕ್ಷರದ ಅಂಚು ಸ್ಫುಟವಾಗಿ ಮೂಡುತ್ತದೆ. ಸೀಸವು ವಿಷವಾದ್ದರಿಂದ ಮೊಳೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಲೇಬೇಕು.

ನೀರಿನ ಮಸಿ ಲೋಹದ ಮೇಲೆ ಸಮನಾಗಿ ಹರಡದೆ ಹನಿಗಟ್ಟುತ್ತದೆ. ಅಗಸೆ ಎಣ್ಣೆಯಲ್ಲಿ ಕಾಡಿಗೆಯನ್ನು ಅರೆದ ಮಸಿಯಾದರೋ ಅಂಟಿ ನಿಲ್ಲುತ್ತದೆ. ಅದು ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದರಿಂದ.

ಇನ್ನು ಒತ್ತಡ. 200 ಚದರ ಸೆಂಟಿಮೀಟರು ಕಾಗದವನ್ನು 100 ಕಿಲೋಗ್ರಾಂ ಭಾರದಿಂದ ಒತ್ತಿದೆವೆನ್ನಿ. ಕಾಗದಕ್ಕೆಲ್ಲ ಸಮನಾಗಿ ಹಂಚಿದರೆ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂ ಮಾತ್ರ. ಆದರೆ ಉಬ್ಬಿದ ಅಕ್ಷರಗಳ ವಿಸ್ತೀರ್ಣ 20 ಚದರ ಸೆಂಟಿಮೀಟರಾದರೆ, ಅದೇ ಭಾರ ಅಲ್ಲಿ 5 ಕಿಲೋಗ್ರಾಂ ಆಗುತ್ತದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸುವ ಸೂತ್ರವು ಇಲ್ಲಿ ಕೈಗೇ ತಿಳಿಯುತ್ತದೆ.

ಕಡೆಗೆ ಪುಸ್ತಕ ಕಟ್ಟುವ ಕೆಲಸ. ವಾಚಕರು ಈಗಲೇ ಒಂದು ಹಾಳೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಿಸಿ, ಕತ್ತರಿಸದೆ 1ರಿಂದ 8ರವರೆಗೆ ಪುಟಸಂಖ್ಯೆ ಬರೆದು ಬಿಡಿಸಿ ನೋಡಲಿ. ಒಂದು ಮಗ್ಗುಲಲ್ಲಿ 1, 4, 5, 8. ಇನ್ನೊಂದರಲ್ಲಿ 2, 3, 6, 7. ಅರ್ಧ ಪುಟಗಳು ತಲೆಕೆಳಗು! ಮುದ್ರಕನು ಇದನ್ನೆಲ್ಲ ಮೊದಲೇ ಎಣಿಸಿ ಮೊಳೆಪುಟಗಳನ್ನು ಜೋಡಿಸಬೇಕು.

ಕನ್ನಡದಲ್ಲಿ ಗುಣಿತ, ಒತ್ತಕ್ಷರಗಳಿಗಾಗಿ ಮೊಳೆಗಳ ಸಂಖ್ಯೆ ಇಂಗ್ಲಿಷಿಗಿಂತ ಬಹಳ ಹೆಚ್ಚು. ಯಾವ ಮನೆಯಲ್ಲಿ ಯಾವ ಮೊಳೆಯೆಂಬುದು ಜೋಡಿಸುವವರ ಬೆರಳಿಗೆ ಗೊತ್ತಿತ್ತು. ಗಣಕಯಂತ್ರ ಬಂದ ಮೇಲೆ ಎಷ್ಟೋ ಮೊಳೆಗಳು ತೂಕಕ್ಕೆ ಮಾರಿಹೋಗಿ ಕರಗಿದವು. ಲೋಹವನ್ನು ಮತ್ತೆ ಎರಕಹೊಯ್ಯಬಹುದು. ಬೆರಳಿನ ತಿಳಿವಳಿಕೆಯನ್ನು ಹಾಗೆ ಹೊಯ್ಯಲಾಗದು. ಅದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಬೇಕು. ನಿಮ್ಮ ಊರಿನಲ್ಲಿ ಹಳೆಯ ಅಚ್ಚುಕೂಟವೊಂದು ಉಳಿದಿದ್ದರೆ, ಮೊಳೆ ಜೋಡಿಸಬಲ್ಲ ಹಿರಿಯರಿರುವಾಗಲೇ ಅಲ್ಲಿಗೆ ಹೋಗಿ ನಿಮ್ಮ ಹೆಸರನ್ನು ಜೋಡಿಸಲು ಕಲಿಯಿರಿ.